ಶೋಬಾಲನಿಗೆ ಅಳುವವರು

ಊರಿನಲ್ಲಿ ಯಾರಾದರೂ ಸತ್ತರೆ ಮನೆಯವರು ಮೊದಲು ಬಾವಿಗೆ ಓಡುತ್ತಿದ್ದರು, ಆಮೇಲೆ ಅಟಾರಳ ಮನೆಗೆ. ಹೆಣ ತೊಳೆಯಲು ನೀರು ಬೇಕು, ಅಳಲು ಅಟಾರ ಬೇಕು. ಯೆಹೂದದ ಬೆಟ್ಟಗಳ ನಡುವಿನ ಊರು. ಬಿಸಿಲಿನಲ್ಲಿ ಹೆಣ ತಡೆಯುವುದಿಲ್ಲ. ಬೆಳಿಗ್ಗೆ ಹೋದವರನ್ನು ಹೊತ್ತು ಮುಳುಗುವುದರೊಳಗೆ ಮನೆತನದ ಸಮಾಧಿಯ ಗವಿ ಸೇರಿಸಬೇಕು. ಇರುವ ಅಷ್ಟು ಹೊತ್ತಿನಲ್ಲೇ ಸತ್ತವರ ಹೆಸರು, ಅವರ ಅಪ್ಪನ ಹೆಸರು, ಅವರ ಕೈ ಮಾಡಿದ ಕೆಲಸ, ಅವರು ಬಿಟ್ಟುಹೋದ ಮಕ್ಕಳು ಎಲ್ಲವನ್ನೂ ಅಳುವಿನೊಳಕ್ಕೆ ತರಬೇಕು. ಅದನ್ನು ಅಟಾರಳ ಹಾಗೆ ತರುವವರು ಸುತ್ತಲ ಏಳೆಂಟು ಊರುಗಳಲ್ಲಿ ಇರಲಿಲ್ಲ.

ಅವಳ ಜೊತೆಗೆ ಗಂಡ ಶೋಬಾಲ ಬರುತ್ತಿದ್ದ. ಅವನದು ಜೋಡಿ ಕೊಳಲು. ಅವನು ಬಾಗಿಲ ಬಳಿ ಕುಳಿತು ಊದಲು ಹಿಡಿದರೆ ಅಲ್ಲಿಯವರೆಗೆ ಕಲ್ಲಿನಂತೆ ನಿಂತಿದ್ದ ಗಂಡಸರೂ ಅಂಗಿಯ ಕೊರಳಪಟ್ಟಿಗೆ ಕೈ ಹಾಕಿ ಹರಿದುಕೊಳ್ಳುತ್ತಿದ್ದರು. ಒಳಗೆ ಅಟಾರ ಕೂದಲು ಬಿಚ್ಚಿ, ತಲೆಗೆ ಮಣ್ಣು ತೂರಿಕೊಂಡು, ಹೆಣದ ತಲೆದೆಸೆಯಲ್ಲಿ ಕುಳಿತು ಮೊದಲ ಸಾಲು ಎತ್ತುವಳು. ಅದು ಉದ್ದದ ಸಾಲು. ಅದನ್ನು ಮುಗಿಸುವ ಗಿಡ್ಡ ಸಾಲು ಸುತ್ತ ಕುಳಿತ ಹೆಂಗಸರದು. ಉದ್ದ, ಗಿಡ್ಡ; ಉದ್ದ, ಗಿಡ್ಡ; ನಡೆಯುತ್ತ ನಡೆಯುತ್ತ ಉಸಿರು ಕಟ್ಟಿ ನಿಂತವರ ಹಾಗೆ. ಅಟಾರ ಇದನ್ನು ಅತ್ತೆಯಿಂದ ಕಲಿತವಳು. ಮದುವೆಯಾಗಿ ಬಂದ ವರ್ಷವೇ ಅತ್ತೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಸುಮ್ಮನೆ ಕಿರುಚಿದ್ರೆ ಅಳು ಆಗಲ್ಲ ಕಣಮ್ಮ. ಮನೆಯೋರ ಎದೇಲಿ ಸಿಕ್ಕಾಕ್ಕೊಂಡಿರೋದನ್ನ ಹೊರಗೆ ಎಳೀಬೇಕು. ದನಿ ಇಲ್ಲದೋರಿಗೆ ನೀನು ದನಿ ಆಗ್ಬೇಕು" ಎಂದು ಹೇಳಿಕೊಟ್ಟಿದ್ದಳು.

ಗಂಡ ಹೆಂಡಿರಿಗೆ ಮಕ್ಕಳಿರಲಿಲ್ಲ. ಸಾವಿನ ಮನೆಯಿಂದ ಬಂದು, ನೀರು ಚಿಮುಕಿಸಿಕೊಂಡು ಶುದ್ಧರಾಗುವವರೆಗೆ ಏಳು ದಿನ ಯಾರ ಮನೆಗೂ ಹೋಗುವಂತಿಲ್ಲ. ಒಂದರ ಹಿಂದೆ ಒಂದು ಸಾವು ಬಂದರೆ ತಿಂಗಳುಗಟ್ಟಲೆ ಹಾಗೇ. ಹೀಗಾಗಿ ಇಬ್ಬರಿಗೂ ಒಬ್ಬರಿಗೊಬ್ಬರೇ ಊರು. ಶೋಬಾಲ ಮಾತುಗಾರ. ಅವತ್ತಿನ ಸಾವಿನ ಮನೆಯಲ್ಲಿ ಯಾರು ನಿಜವಾಗಿ ಅತ್ತರು, ಯಾರು ಈರುಳ್ಳಿ ಹಿಚುಕಿಕೊಂಡು ಅತ್ತರು ಎಂದು ಅಣಕಿಸಿ ತೋರಿಸುವನು. ಅಟಾರ ನಕ್ಕು ನಕ್ಕು, "ಸತ್ತೋರು ಕೇಳಿಸ್ಕೊಂಡಾರು, ಸುಮ್ನಿರಿ" ಎನ್ನುವಳು.

ಒಂದು ಮಧ್ಯಾಹ್ನ ಅಂಗಳದಲ್ಲಿ ಅವನ ತಲೆಗೆ ಎಣ್ಣೆ ಹಚ್ಚುತ್ತಿದ್ದಾಗ ಅವಳ ಬೆರಳು ನಿಂತಿತು.

"ಇದೇನ್ರೀ ಇದು, ಹಣೆ ಮೇಲೆ?"

"ಒಲೆ ಕಿಡಿ ಹಾರಿರ್ಬೇಕು. ಎಣ್ಣೆ ಹಚ್ಚು, ಹೋಗುತ್ತೆ."

"ಕಿಡಿ ಹಾರಿದ್ರೆ ಕಪ್ಪಗಾಗುತ್ತೆ. ಬೆಳ್ಳಗಾಗಲ್ಲ."

"ನಿನ್ನ ಕಣ್ಣಿಗೆ ವಯಸ್ಸಾಯ್ತು ಕಣೇ."

ಬಟಾಣಿಯಷ್ಟಗಲದ ಆ ಬಿಳುಪು ಚರ್ಮಕ್ಕಿಂತ ಒಂದಿಷ್ಟು ತಗ್ಗಾಗಿತ್ತು. ಅದರೊಳಗೆ ಹುಟ್ಟಿದ್ದ ಎರಡು ಕೂದಲೂ ಬೆಳ್ಳಗಿದ್ದವು. ಅವಳು ಆ ಎರಡನ್ನೂ ಕಿತ್ತು, ಅವನಿಗೆ ತೋರಿಸದೆ, ಒಲೆಗೆ ಹಾಕಿದಳು.

ಒಂದು ತಿಂಗಳು ಮುಚ್ಚಿಟ್ಟರು. ಅವನು ತಲೆವಸ್ತ್ರವನ್ನು ಹುಬ್ಬಿನವರೆಗೆ ಎಳೆದು ಕಟ್ಟಿಕೊಂಡ. ಕಡೆಗೆ ಬಾಯಿಬಿಟ್ಟವನು ಅವನೇ. "ಮಕ್ಕಳಿರೋ ಮನೆಗಳಿಗೆ ಹೋಗಿ ಊದ್ತೀನಿ ಅಟಾರಾ. ಊದಿ ಆದ್ಮೇಲೆ ಅದೇ ಕೈಲಿ ನೀರಿನ ಲೋಟ ಇಸ್ಕೊಳ್ತೀನಿ. ತಪ್ಪು ಇದು. ನಡಿ, ಯಾಜಕರಿಗೆ ತೋರ್ಸೋಣ."

ಯಾಜಕನಿದ್ದದ್ದು ಅರ್ಧ ದಿನದ ದಾರಿಯ ಪಟ್ಟಣದಲ್ಲಿ. ಅವನು ಬಿಸಿಲಿಗೆ ಮುಖ ತಿರುಗಿಸಿ ನೋಡಿ ಶೋಬಾಲನನ್ನು ಏಳು ದಿನ ಒಂದು ಕೋಣೆಯಲ್ಲಿ ಕೂಡಿಹಾಕಿಸಿದ. ಏಳನೆಯ ದಿನ ನೋಡಿ ಮತ್ತೆ ಏಳು ದಿನ. ಅಟಾರ ಅಷ್ಟೂ ದಿನ ಆ ಗೋಡೆಯ ಹೊರಗಿನ ಅಂಜೂರದ ಮರದ ಕೆಳಗೆ ಕುಳಿತಿದ್ದಳು. ಹದಿನಾಲ್ಕನೆಯ ದಿನ ಬಿಳುಪು ಕೆನ್ನೆಗೆ ಇಳಿದಿತ್ತು.

"ಅಶುದ್ಧ" ಎಂದ ಯಾಜಕ. ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಕರುಣೆಯೂ ಇರಲಿಲ್ಲ. "ಬಟ್ಟೆ ಹರ್ಕೋ. ತಲೆ ಕೆದರ್ಕೋ. ಮೇಲ್ತುಟಿ ಮುಚ್ಕೋ. ಜನ ಎದುರು ಬಂದ್ರೆ ಅಶುದ್ಧ, ಅಶುದ್ಧ ಅಂತ ಕೂಗು. ಊರ ಹೊರಗೆ ಇರು."

ಶೋಬಾಲ ಕೊರಳಪಟ್ಟಿಗೆ ಕೈ ಹಾಕಿ ಎಳೆದ. ಹರಿಯಲಿಲ್ಲ. ಹೋದ ಚಳಿಗಾಲದಲ್ಲಿ ಅಟಾರ ನೇಯ್ದುಕೊಟ್ಟ ಉಣ್ಣೆಯ ಅಂಗಿ ಅದು. ಅವನು ಅವಳ ಕಡೆ ತಿರುಗಿ ನಗಲು ನೋಡಿದ. "ನೀನು ನೇಯ್ದಿದ್ದು ಹರಿಯೋದೇ ಇಲ್ವಲ್ಲೇ." ಯಾಜಕ ಒಳಗಿನಿಂದ ಒಂದು ಚೂರಿ ತಂದು ನೆಲದ ಮೇಲಿಟ್ಟ. ಅದರಿಂದ ಗೀರಿದ ಮೇಲೆ ಬಟ್ಟೆ ಎದೆಯವರೆಗೆ ಸೀಳಿತು. ತಲೆವಸ್ತ್ರ ಬಿಚ್ಚಿ ಅದರ ಒಂದು ತುದಿಯಿಂದ ಮೂಗಿನ ಕೆಳಗೆ ಬಿಗಿದುಕೊಂಡ.

ಅಟಾರ ನೋಡುತ್ತಿದ್ದಳು. ಬಟ್ಟೆ ಸೀಳುವುದು, ತಲೆ ಕೆದರಿಕೊಳ್ಳುವುದು, ತುಟಿ ಮುಚ್ಚಿಕೊಳ್ಳುವುದು ಎಲ್ಲ ಅವಳಿಗೆ ಗೊತ್ತಿದ್ದದ್ದೇ; ಸತ್ತವರಿಗಾಗಿ ಬದುಕಿದವರು ಮಾಡುವುದು. ಇಲ್ಲಿ ಅವನು ತನಗೆ ತಾನೇ ಮಾಡಿಕೊಳ್ಳುತ್ತಿದ್ದ. ಅವಳ ಬಾಯಿ ತಾನಾಗಿಯೇ ತೆರೆದು ಅಳುವಿನ ಸಾಲು ಎತ್ತಿತು.

"ಹೋಯ್, ನನ್ನ ಒಡೆಯಾ..."

"ಏ ತಾಯಿ, ನಿಲ್ಸು!" ಎಂದ ಯಾಜಕ. "ಉಸಿರಾಡ್ತಾ ಇರೋನಿಗೆ ಅಳ್ತಾರಾ?"

"ಹಂಗಾದ್ರೆ ಅವರು ಯಾಕೆ ಬಟ್ಟೆ ಹರ್ಕೋಬೇಕು?"

"ಅದು ಕಟ್ಟಳೆ."

ಅವಳಿಗೆ ಅರ್ಥವಾಗಲಿಲ್ಲ. ಆದರೂ ಬಾಯಿ ಮುಚ್ಚಿದಳು.

ಊರಿನ ಕೆಳಗೆ ಒಣ ಹಳ್ಳ. ಮಳೆಗಾಲದ ನಾಲ್ಕು ದಿನ ಬಿಟ್ಟರೆ ಅದರಲ್ಲಿ ನೀರಿಲ್ಲ. ಆಚೆ ದಡದ ಗುಹೆಗಳಲ್ಲಿ ಕುಷ್ಠರೋಗದವರು ಮೂವರು ಮೊದಲೇ ಇದ್ದರು. ಶೋಬಾಲ ನಾಲ್ಕನೆಯವನಾದ. ಹಳ್ಳದ ನಡುವೆ ಒಂದು ಚಪ್ಪಟೆ ಬಂಡೆ. ಅಟಾರ ದಿನ ಬಿಟ್ಟು ದಿನ ರೊಟ್ಟಿ, ತೊಗರಿಯಂಥ ಕೆಂಪು ಬೇಳೆಯ ಗಂಜಿ, ಒಣ ಅಂಜೂರ ತಂದು ಬಂಡೆಯ ಮೇಲಿಟ್ಟು ನಲವತ್ತು ಹೆಜ್ಜೆ ಹಿಂದೆ ಬರುವಳು. ಆಮೇಲೆ ಅವನು ಇಳಿದು ಬಂದು ತೆಗೆದುಕೊಳ್ಳುವನು. ಇಬ್ಬರೂ ದೂರದಲ್ಲಿ ಕುಳಿತು ಕೂಗಿ ಮಾತಾಡುವರು.

"ಯಾರು ಹೋದ್ರು?"

"ಊರ ಬಾಗಿಲ ಹತ್ತಿರದ ಕುಂಬಾರಜ್ಜ."

"ಯಾರು ಊದಿದ್ರು?"

"ಪಕ್ಕದೂರಿನ ಕುರುಬ ಒಬ್ಬ."

"ಹೆಂಗೆ ಊದ್ತಾನೆ?"

"ಮೇಕೆ ಕರ್ದಂಗೆ."

ಅವನು ಬಟ್ಟೆಯ ಹಿಂದೆ ನಗುವುದು ಅವಳಿಗೆ ಹೆಗಲಿನಿಂದಲೇ ತಿಳಿಯುತ್ತಿತ್ತು.

ಊರು ಅವಳನ್ನು ಬಿಡಲಿಲ್ಲ. ಸಾವು ಬಂದಾಗ ಕರೆಯುತ್ತಿದ್ದರು; ಬೇರೆ ದಿನಗಳಲ್ಲಿ ಅವಳ ಮನೆಯ ಹೊಸಿಲು ತುಳಿಯುತ್ತಿರಲಿಲ್ಲ. ಬರುತ್ತಿದ್ದವಳು ಹೊಗ್ಲಾ ಒಬ್ಬಳೇ. ಊರ ಹಿರಿಯ ಹೆಬೆರನ ಸೊಸೆ. ಹೆಬೆರ ಶೋಬಾಲನ ದೊಡ್ಡಪ್ಪನ ಮಗ, ಹಾಗಾಗಿ ಹೊಗ್ಲಾಳಿಗೆ ಅಟಾರ ಚಿಕ್ಕತ್ತೆ. ಹದಿನೇಳು ವರ್ಷದ ಹುಡುಗಿ. ಗಂಡ ದಂಡಿನ ಕೆಲಸಕ್ಕೆಂದು ಕೋಟೆಯೂರಿಗೆ ಹೋಗಿ ಹಂಗಾಮಿಗೊಮ್ಮೆ ಬರುವವನು. ಅವಳಿಗೆ ಅಳುವ ಹಾಡು ಕಲಿಯುವ ಹುಚ್ಚು.

"ನಿನ್ನ ವಯಸ್ಸಿನೋರು ಮದುವೆ ಹಾಡು ಕಲೀತಾರೆ" ಎಂದರೆ, "ಅದನ್ನ ಎಲ್ರೂ ಹಾಡ್ತಾರೆ, ಕತ್ತೆಗಳೂ ಹಾಡ್ತವೆ. ಇದನ್ನ ನೀವು ಹೋದ್ಮೇಲೆ ಯಾರು ಹಾಡೋರು ಚಿಕ್ಕತ್ತೆ?" ಎನ್ನುವಳು.

"ಅಂದ್ರೆ ನಾನು ಯಾವಾಗ ಹೋಗ್ತೀನಿ ಅಂತ ಕಾಯ್ತಿದೀಯ."

"ಹೂಂ ಮತ್ತೆ. ನಿಮ್ಮ ಮೇಲೇ ಮೊದಲು ಹಾಡಿ ನೋಡ್ತೀನಿ."

ಹೊಗ್ಲಾಳ ಅತ್ತೆ, ಹೆಬೆರನ ಹೆಂಡತಿ ಯೆರಿಯೋತಳಿಗೆ ಇದು ಹಿಡಿಸುತ್ತಿರಲಿಲ್ಲ. ಬೀದಿಯ ತಿರುವಿನಿಂದಲೇ, "ಹೊಗ್ಲಾ, ಬಾರೇ ಈಚೆ, ಆ ಗೋಡೆ ಮುಟ್ಬೇಡ" ಎಂದು ಕೂಗುವಳು.

ಮೂರನೆಯ ಚಳಿಗಾಲಕ್ಕೆ ಶೋಬಾಲನ ದನಿ ಒಡೆಯಿತು. ಕೂಗಿದರೆ ಅರ್ಧ ಗಾಳಿ, ಅರ್ಧ ಮಾತು. ಒಂದು ದಿನ ರೊಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ತಿನ್ನದೆ, ಕೇಳಿದ:

"ಅಟಾರಾ, ನಂದು ಬಂದಾಗ ಏನಂತ ಎತ್ತುತೀಯ?"

"ಸುಮ್ನೆ ತಿನ್ನಿ."

"ಹೇಳೇ. ಊರೋರದ್ದೆಲ್ಲ ಕೇಳಿದೀನಿ. ನಂದೊಂದನ್ನ ಕೇಳೋಕಾಗಲ್ಲ. ಈಗ್ಲೇ ಒಂದೆರಡು ಸಾಲು ಅನ್ನು. ಇಲ್ಲಿ ಯಾರಿದಾರೆ ಬೈಯೋಕೆ?"

ಅವಳ ಮನಸ್ಸಿನಲ್ಲಿ ಸಾಲುಗಳು ಇದ್ದವು. ಹುಡುಕಬೇಕಾಗಿಯೇ ಇರಲಿಲ್ಲ. ಆದರೂ ಉಸಿರಿರುವವನ ಎದುರು ಕುಳಿತು ಅವನ ಸಾವನ್ನು ಹಾಡುವುದು ಹೇಗೆ? ಹಾಡಿದರೆ ನಾಳೆಯೇ ಅದು ಬಂದುಬಿಟ್ಟರೆ?

"ಬದುಕಿರೋರಿಗೆ ಅಳಬಾರದು ಅಂದಿದಾರೆ" ಎಂದಳು.

ಅವನು ರೊಟ್ಟಿಯ ಒಂದು ಚೂರು ಮುರಿದ. "ಸರಿ ಬಿಡು. ನಮ್ಮಪ್ಪನ ಪಕ್ಕ ಒಂದು ಹಾಸುಗಲ್ಲು ಖಾಲಿ ಇದೆ ಗವೀಲಿ. ಅಲ್ಲಿ ಮಲಗ್ಸು, ಸಾಕು."

"ಮಲಗ್ಸೇ ಮಲಗಿಸ್ತೀನಿ" ಎಂದಳು.

ಜವೆಗೋಧಿಯ ಕುಯ್ಲು ಶುರುವಾದ ವಾರ ಬಂಡೆಯ ಮೇಲೆ ಹಿಂದಿನ ಸಲದ ರೊಟ್ಟಿ ಹಾಗೇ ಇತ್ತು, ಇರುವೆ ಮುತ್ತಿತ್ತು. ಅವಳು ಕೂಗಿದಳು. ಆಚೆ ದಡದಲ್ಲಿ ಅವನ ಬದಲು ಒಬ್ಬ ಹೆಂಗಸು, ರೋಗದವಳು, ತುಟಿಯ ಮೇಲಿನ ಬಟ್ಟೆ ಹಿಡಿದುಕೊಂಡು ನಿಂತಳು.

"ನಿನ್ನೆ ಬೆಳಿಗ್ಗೆ ಹೋದ ಕಣವ್ವಾ! ಇವತ್ತು ಮಧ್ಯಾಹ್ನದವರೆಗೆ ನೋಡ್ತೀವಿ. ನಿಮ್ಮೋರು ಬಂದು ಒಯ್ಯೋದಾದ್ರೆ ಒಯ್ಯಲಿ. ಇಲ್ದಿದ್ರೆ ನಾವೇ ಕಲ್ಲು ಮುಚ್ತೀವಿ!"

ಅಟಾರ ಅಳಲಿಲ್ಲ. ಅಳುವುದಕ್ಕೆ ಹೊತ್ತಿದೆ, ಮೊದಲು ಹೊರುವವರು ಬೇಕು. ಅವಳು ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ಊರ ಬಾಗಿಲಿಗೆ ಓಡಿದಳು. ಹೆಬೆರ ಅಲ್ಲಿ ಕಲ್ಲಿನ ಜಗಲಿಯ ಮೇಲೆ ಇಬ್ಬರು ಮುದುಕರ ಜೊತೆ ಕುಳಿತಿದ್ದ.

"ಭಾವ, ನಿಮ್ಮ ತಮ್ಮ ಹೋದ್ರು."

ಹೆಬೆರನ ಕೈ ಗಡ್ಡದ ಮೇಲೆ ನಿಂತಿತು. "ಯಾವಾಗ?"

"ನಿನ್ನೆ ಅಂತೆ. ಒಂದು ಕತ್ತೆ ಕೊಡಿ, ಒಂದು ಚಾಪೆ. ನಾನೇ ಮುಟ್ತೀನಿ, ನಾನೇ ಸುತ್ತುತೀನಿ. ಯಾರೂ ಹತ್ರ ಬರೋದು ಬೇಡ. ಗವಿ ಬಾಯಿನ ಬಂಡೆ ಸರಿಸೋಕೆ ಮಾತ್ರ ನಾಲ್ಕು ಜನ ಬೇಕು."

"ಗವಿಗಾ?"

"ಮಾವನ ಪಕ್ಕ ಜಾಗ ಇದೆ."

ಹೆಬೆರ ಎದ್ದು ನಿಂತ. "ಅಲ್ಲಿ ನಮ್ಮಪ್ಪ ಇದಾನೆ, ಅಟಾರ. ಅವರಪ್ಪ ಇದಾನೆ. ನಾಳೆ ನಾನೂ ಅಲ್ಲೇ ಮಲಗೋನು. ಅವರೆಲ್ಲರ ಎಲುಬಿನ ಮಧ್ಯೆ ಆ ರೋಗ ತಂದು ಹಾಕು ಅಂತೀಯಾ? ಯೆರೂಸಲೇಮಿನಲ್ಲಿ ಇದೇ ರೋಗ ಬಂದ ರಾಜನಿಗೇ ಗವಿಯೊಳಗೆ ಜಾಗ ಕೊಡ್ಲಿಲ್ಲ. ಹೊರಗೆ ಹೊಲದಲ್ಲಿ ಹೂತ್ರು. ರಾಜನಿಗಿಂತ ದೊಡ್ಡೋನಾ ನಮ್ಮ ಶೋಬಾಲ?"

"ಹೊಲದಲ್ಲಿ ಹೂತ್ರೂ ಅವನಿಗೆ ಅತ್ರಲ್ಲ, ಭಾವ. ನಾನೇ ಇಲ್ಲಿ ಕೂತು ಅತ್ತೆ, ನೀವೆಲ್ಲ ಬಟ್ಟೆ ಹರ್ಕೊಂಡ್ರಿ. ಸರಿ, ಗವಿ ಬೇಡ. ಹೆಂಗಸರನ್ನ ಕಳ್ಸಿ. ಹಳ್ಳದ ಈಚೆ ದಡದಲ್ಲೇ ನಿಂತ್ಕೊಳ್ಲಿ. ನಾನು ಎತ್ತುತೀನಿ, ಅವರು ಅಲ್ಲಿಂದಲೇ ಮುಗಿಸ್ಲಿ. ಅಷ್ಟೇ ಕೇಳ್ತಿರೋದು."

ಮುದುಕರಿಬ್ಬರೂ ನೆಲ ನೋಡುತ್ತಿದ್ದರು.

"ಮನೆಮನೇಲೂ ಎಳೆ ಮಕ್ಕಳಿದಾವೆ" ಎಂದ ಹೆಬೆರ. "ನಮ್ಮ ಹೊಗ್ಲಾ ತುಂಬಿದ ಬಸುರಿ. ಯಾವ ಬಾಯಿಂದ ನಾನು ಹೋಗಿ ಅನ್ಲಿ? ಯಾಜಕರು ಹೇಳಿದ ದಿನವೇ ಅವನಿಗೆ ನಾನು ಅತ್ತು ಮುಗ್ಸಿದೀನಿ. ಹೋಗು, ನನ್ನ ಕೈಲಾಗಲ್ಲ."

ಅವನ ಗಡ್ಡ ನಡುಗುತ್ತಿತ್ತು. ಅಂಗಿಯ ಕೊರಳಪಟ್ಟಿ ಮಾತ್ರ ಹೊಲಿದಂತೆಯೇ ಇತ್ತು.

ಮಧ್ಯಾಹ್ನ ದಾಟಿ ಅವಳು ಹಿಂದಿರುಗುವಷ್ಟರಲ್ಲಿ ಮೂವರು ರೋಗಿಗಳು ಕಲ್ಲು ಹೊರುತ್ತಿದ್ದರು. ಬೆರಳು ಉಳಿದವನೊಬ್ಬನೇ; ಮಿಕ್ಕ ಇಬ್ಬರು ಮೊಣಕೈಯಿಂದ ಎದೆಗವಚಿ ತರುತ್ತಿದ್ದರು. ಅವರು ಶೋಬಾಲನ ಮುಖವನ್ನಾಗಲೇ ಮುಚ್ಚಿದ್ದರು. ಅಟಾರ ಬಂಡೆಯವರೆಗೆ ಹೋದಳು, ಅಲ್ಲಿಂದ ಮುಂದೆ ಹೆಜ್ಜೆ ಇಟ್ಟಳು. ಆ ಹೆಂಗಸು ಕೈ ಅಡ್ಡ ಮಾಡಿ, "ಬರ್ಬೇಡವ್ವಾ! ಅವನು ಅದೊಂದೇ ಹೇಳಿ ಸತ್ತ, ನಿನ್ನನ್ನ ಈ ಕಡೆ ಬಿಡ್ಬೇಡಿ ಅಂತ!" ಎಂದು ಕೂಗಿದಳು. ಅಟಾರ ನಿಂತಳು.

ಅಂಗಿಯನ್ನು ಕೊರಳಿನಿಂದ ಹೊಕ್ಕಳವರೆಗೆ ಸೀಳಿದಳು. ಕೂದಲು ಬಿಚ್ಚಿದಳು. ಹಳ್ಳದ ಮಣ್ಣನ್ನು ಎರಡೂ ಕೈಯಿಂದ ತಲೆಗೆ ಸುರಿದುಕೊಂಡಳು. ಮೊದಲ ಸಾಲು ಎತ್ತಿದಳು. ಅದು ಚೆನ್ನಾಗಿಯೇ ಬಂತು. ಹಳ್ಳದ ಎರಡೂ ದಡಕ್ಕೆ ಬಡಿಯಿತು. ಮೂವತ್ತು ವರ್ಷದ ರೂಢಿಯಂತೆ ಅವಳು ನಿಂತು ಕಾದಳು. ಗಿಡ್ಡ ಸಾಲು ಬರಲಿಲ್ಲ. ಕಲ್ಲಿನ ಮೇಲೆ ಕಲ್ಲು ಬೀಳುವ ಸದ್ದು ಬಂತು. ತಾನೇ ಮುಗಿಸೋಣವೆಂದು ಬಾಯಿ ತೆರೆದಳು. ಆ ಸಾಲು ಅವಳ ಬಾಯಿಗೆ ಯಾವತ್ತೂ ಒಗ್ಗಿದ್ದಲ್ಲ. ಎರಡನೆಯ ಸಲ ಎತ್ತಲು ಹೋದರೆ ಗಂಟಲಿನಿಂದ ಏನೂ ಹೊರಡಲಿಲ್ಲ. ಸಂಜೆವರೆಗೆ ಬಾಯಿ ತೆರೆದುಕೊಂಡೇ ನಿಂತಿದ್ದಳು.

ಮನೆಗೆ ಬಂದು ಸೊಂಟಕ್ಕೆ ಗೋಣಿತಟ್ಟು ಸುತ್ತಿಕೊಂಡು, ಒಲೆಯ ಬೂದಿಯನ್ನು ನೆಲಕ್ಕೆ ಹರವಿ ಅದರ ಮೇಲೆ ಕುಳಿತಳು. ಸಾವಾದ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ನೆರೆಯವರು ರೊಟ್ಟಿ ತಂದು, ಮುರಿದು, ಬಾಯಿಗಿಡಬೇಕು. ಬಟ್ಟಲಲ್ಲಿ ದ್ರಾಕ್ಷಾರಸ ಹಿಡಿದು, ಕುಡಿಯಮ್ಮ ಎನ್ನಬೇಕು. ಅವಳು ಎಷ್ಟು ಮನೆಗಳಿಗೆ ಒಯ್ದಿರಲಿಲ್ಲ! ಮೊದಲ ದಿನ ಬಾಗಿಲು ತೆರೆದೇ ಇಟ್ಟಳು. ಎರಡನೆಯ ದಿನವೂ ಇಟ್ಟಳು. ಬೀದಿಯಲ್ಲಿ ಕುಯ್ಲಿಗೆ ಹೋಗುವವರ ಕಾಲು ಅವಳ ಬಾಗಿಲ ಬಳಿ ಬಂದಾಗ ಬೇಗ ಬೇಗ ಸರಿಯುತ್ತಿದ್ದವು. ಹಸಿವು ತಡೆಯಲಾರದೆ ಗಡಿಗೆಯಿಂದ ಹಿಡಿ ಹುರಿದ ಕಾಳು ತೆಗೆದು ಅಗಿದಳು. ಅದಕ್ಕೂ ನಾಚಿಕೆಯಾಯಿತು.

ಮೂರನೆಯ ದಿನ ಹಿತ್ತಿಲ ಗೋಡೆಯ ಆಚೆ ಏದುಸಿರು ಕೇಳಿತು.

"ಚಿಕ್ಕತ್ತೆ... ನಾನು."

"ಹೊಗ್ಲಾ, ಒಳಗೆ ಬರ್ಬೇಡ."

"ಅವತ್ತೇ ಬರ್ತೀನಿ ಅಂದೆ, ಬಿಡ್ಲಿಲ್ಲ. ಬಾಗಿಲಿಗೆ ಅಗುಳಿ ಹಾಕಿದ್ರು. ಈಗ ಎಲ್ರೂ ಹೊಲಕ್ಕೆ ಹೋಗಿದಾರೆ. ನೀವು ಎತ್ತಿ, ಚಿಕ್ಕತ್ತೆ. ನಾನು ಇಲ್ಲೇ ನಿಂತ್ಕೊಂಡು ಮುಗಿಸ್ತೀನಿ. ಚಿಕ್ಕಮಾವನಿಗೆ ಒಂದು ಸಲನಾದ್ರೂ..."

ಅಟಾರಳ ಗಂಟಲಿನಲ್ಲಿ ಏನೋ ಸಡಿಲಾದ ಹಾಗಾಯಿತು. ಈಗ ಎತ್ತಿದರೆ ಬರುತ್ತದೆ ಎಂದು ಅವಳಿಗೆ ಖಂಡಿತವಾಗಿ ಅನಿಸಿತು. ಗೋಡೆಯ ಬಿರುಕಿನಲ್ಲಿ ಹುಡುಗಿಯ ಉಬ್ಬಿದ ಹೊಟ್ಟೆ, ಅದರ ಮೇಲಿಟ್ಟುಕೊಂಡ ಕೈ ಕಾಣುತ್ತಿತ್ತು.

"ಹೊಟ್ಟೇಲಿ ಕೂಸು ಇಟ್ಕೊಂಡು ಸಾವಿನ ಹಾಡು ಹಾಡ್ತಾರೇನೆ, ಹುಚ್ಚಿ? ಹೋಗು ಮನೆಗೆ. ಹೆರಿಗೆ ಆಗ್ಲಿ. ನಲವತ್ತು ದಿನ ಕಳೀಲಿ. ಆಮೇಲೆ ಇಬ್ರೂ ಹಳ್ಳಕ್ಕೆ ಹೋಗೋಣ."

"ಮಾತು ಕೊಡಿ."

"ಕೊಟ್ಟೆ ಹೋಗು."

ಹುಡುಗಿ ಗೋಡೆಯ ಮೇಲಿಂದ ಏನನ್ನೋ ಎಸೆದಳು. ಬಟ್ಟೆಯಲ್ಲಿ ಸುತ್ತಿದ ಅರ್ಧ ರೊಟ್ಟಿ. ಅಟಾರ ಅದನ್ನು ಎರಡು ದಿನ ತಿಂದಳು.

ಐದನೆಯ ದಿನ ಮಧ್ಯಾಹ್ನ ಯೆರಿಯೋತಳು ಬಾಗಿಲಲ್ಲಿ ನಿಂತಳು. ಮೂರು ವರ್ಷದಿಂದ ಆ ಗೋಡೆ ಮುಟ್ಟದವಳು ಹೊಸಿಲು ದಾಟಿ ಬಂದು ಬೂದಿಯ ಮೇಲೆ ಕುಸಿದಳು. ಕೂದಲು ಬಿಚ್ಚಿತ್ತು; ಮೊಣಕೈವರೆಗೆ ರಕ್ತ ಒಣಗಿತ್ತು.

"ಹೊಗ್ಲಾ..." ಎಂದಳು. "ನಿನ್ನೆ ಬೆಳಿಗ್ಗೆಯಿಂದ ನೋವು ತಿಂದಳು. ಅಡ್ಡ ಸಿಕ್ಕಿತ್ತು."

"ಕೂಸು?"

"ಕೂಸೂ ಇಲ್ಲ ಕಣೆ."

ಯೆರಿಯೋತಳು ಅಟಾರಳ ಕಾಲು ಹಿಡಿದುಕೊಂಡಳು. "ನಾವು ಮಾಡಿದ್ದು ತಪ್ಪೋ ಸರಿಯೋ, ನಂಗೊತ್ತಿಲ್ಲ. ನಮ್ಮ ಮೇಲಿನ ಸಿಟ್ಟಿಗೆ ನೀನು ಬರದೆ ಇರ್ಬೇಡ. ಆ ಹುಡುಗಿ ಏನು ಮಾಡಿತ್ತು? ನಿನ್ನ ಹೆಸರು ಹಿಡಿದೇ ಕೂಗ್ತಾ ಇತ್ತು."

"ಏಳಿ ಅಕ್ಕ" ಎಂದಳು ಅಟಾರ. "ಬರದೆ ಇರ್ತೀನಾ ನಾನು? ನಡೀರಿ."

ಹೆಬೆರನ ಮನೆಯ ನಡುಕೋಣೆಯಲ್ಲಿ ಹೊಗ್ಲಾಳನ್ನು ಚಾಪೆಯ ಮೇಲೆ ಮಲಗಿಸಿದ್ದರು. ಬಟ್ಟೆಯಲ್ಲಿ ಸುತ್ತಿದ ಕೂಸು ಅವಳ ತೋಳಿನ ಮೇಲೆ. ಹೆಂಗಸರು ಸುತ್ತ ಕುಳಿತಿದ್ದರು, ಅಟಾರಳನ್ನು ನೋಡಿ ಜಾಗ ಬಿಟ್ಟರು. ಹಳ್ಳಕ್ಕೆ ಬಾರದವರು, ರೊಟ್ಟಿ ತಾರದವರು, ಎಲ್ಲರೂ ಇದ್ದರು. ಯಾರ ಮುಖವನ್ನೂ ಅವಳು ನೋಡಲಿಲ್ಲ. ತಲೆದೆಸೆಯಲ್ಲಿ ಕುಳಿತು ಹುಡುಗಿಯ ಹಣೆಯ ಮೇಲಿನ ಒದ್ದೆ ಕೂದಲನ್ನು ಹಿಂದಕ್ಕೆ ಸವರಿದಳು. ಹಲ್ಲು ಕಚ್ಚಿ ಕಚ್ಚಿ ತುಟಿ ಒಡೆದಿತ್ತು. ಬಾಗಿಲಲ್ಲಿ ಕುರುಬನ ಕೊಳಲು ಶುರುವಾಯಿತು.

ಅಟಾರ ಬಾಯಿ ತೆರೆದಳು.

ಹೆಂಗಸರು ಕೈಯನ್ನು ಎದೆಯ ಹತ್ತಿರ ತಂದು ಕಾದರು. ಕೊಳಲು ಒಂದು ಸುತ್ತು ಮುಗಿಸಿ ನಿಂತಿತು. ಮತ್ತೆ ಶುರುವಾಯಿತು. ಅಟಾರಳ ಕೊರಳ ನರ ಉಬ್ಬಿದವು, ಕಣ್ಣು ಕೆಂಪಾದವು. ಬಾಯಿಂದ ಉಸಿರು ಬಂತು, ಬರಿ ಉಸಿರು. ಅವಳು ಎದೆಗೆ ಗುದ್ದಿಕೊಂಡಳು. ಕೆನ್ನೆ ಪರಚಿಕೊಂಡಳು. ಕೂದಲು ಹಿಡಿದು ಎಳೆದುಕೊಂಡಳು. ಹೆಸರೊಂದನ್ನಾದರೂ ಕರೆಯೋಣವೆಂದರೆ 'ಹೊ' ಎನ್ನುವ ಅಕ್ಷರವೂ ನಾಲಿಗೆಗೆ ಬರಲಿಲ್ಲ.

"ಏನಾಯ್ತು ಇವಳಿಗೆ?" ಎಂದು ಯಾರೋ ಪಿಸುಗುಟ್ಟಿದರು. "ಬೇಕೂಂತ ಕಣೇ. ಗಂಡನಿಗೆ ಅಳಲಿಲ್ಲ ಅಂತ."

ಹೆಬೆರ ಒಳಗೆ ಬಂದ. ಈ ಸಲ ಅವನ ಅಂಗಿ ಹೊಕ್ಕಳವರೆಗೆ ಹರಿದಿತ್ತು. "ಅಟಾರ, ಇದು ಸೇಡು ತೀರಿಸ್ಕೊಳ್ಳೋ ಜಾಗ ಅಲ್ಲ."

ಅವಳು ತಲೆಯಾಡಿಸಿದಳು. ಗಂಟಲು ಹಿಡಿದು ತೋರಿಸಿದಳು.

"ನಾಟಕ ಬೇಡ. ಕಾಲಿಗೆ ಬೀಳ್ಬೇಕಾ? ಬಿದ್ದೆ ನೋಡು." ಆ ಮುದುಕ ನಿಜವಾಗಿಯೂ ಮಂಡಿಯೂರಿದ. "ನಿನ್ನ ಗಂಡನ್ನ ನಾನು ಬಿಟ್ಟೆ. ಶಾಪ ನಂಗೆ ಹಾಕು. ಈ ಹುಡುಗೀನ ಮೂಕ ದನದ ಹಾಗೆ ಕಳಿಸ್ಬೇಡ."

ಅಟಾರ ಹುಡುಗಿಯ ಮೇಲೆ ಬಿದ್ದು ಅವಳ ಮುಖಕ್ಕೆ ಮುಖವೊತ್ತಿದಳು. ಬೆನ್ನು ಎದ್ದು ಬಿದ್ದು ಮಾಡಿತು. ಅದನ್ನು ನೋಡಿದ ಒಬ್ಬರಿಬ್ಬರಿಗೆ ಮಾತ್ರ ಇವಳು ಬೇಕೆಂದು ಮಾಡುತ್ತಿಲ್ಲವೇನೋ ಎಂಬ ಅನುಮಾನ ಬಂದಿರಬಹುದು. ಯೆರಿಯೋತಳು ಬಂದು ಹೆಗಲು ಹಿಡಿದು ಎಳೆದಳು. "ಎದ್ದು ಹೋಗು. ಅವಳನ್ನ ಮುಟ್ಬೇಡ. ಹೋಗು!"

ಹೊತ್ತು ಇಳಿಯುತ್ತಿತ್ತು. ಒಬ್ಬ ಮುದುಕಿ ತಾನೇ ಎತ್ತಲು ನೋಡಿದಳು. ಯಾರದೋ ಹಳೆಯ ಹಾಡು, ಹೆಸರು ಬದಲಿಸಲು ಮರೆತು ಸತ್ತ ಕುಂಬಾರಜ್ಜನ ಹೆಸರೇ ಬಂತು. ಹೆಂಗಸರು ತಪ್ಪು ಜಾಗದಲ್ಲಿ ಕೂಗಿದರು. ಹಾಗೇ ಹೊತ್ತುಕೊಂಡು ಹೋದರು. ಅಟಾರ ದೂರದಿಂದ ಹಿಂಬಾಲಿಸಿದಳು. ನಾಲ್ವರು ಬಂಡೆ ಸರಿಸಿದರು. ಗವಿಯೊಳಕ್ಕೆ ಇಳಿದವರು ಕೂಗಿ ಹೇಳಿದ ಮಾತು ಹೊರಗಿನವರಿಗೆಲ್ಲ ಕೇಳಿಸಿತು: "ಶೋಬಾಲನ ಅಪ್ಪನ ಪಕ್ಕದ ಕಲ್ಲು ಖಾಲಿ ಇದೆ, ಇಲ್ಲೇ ಇಡೋಣ."

ಏಳು ದಿನ ಕಳೆದ ಮೇಲೆ ಅಟಾರಳನ್ನು ಬೂದಿಯಿಂದ ಎಬ್ಬಿಸಲು ಯಾರೂ ಬರಲಿಲ್ಲ. ಅವಳೇ ಎದ್ದಳು, ತೊಳೆದುಕೊಂಡಳು. ಮಾತು ಮೆಲ್ಲಮೆಲ್ಲನೆ ಮರಳಿತು. ನೀರು, ಎಣ್ಣೆ, ಬಾಗಿಲು ಎನ್ನುವಷ್ಟು. ಬಾವಿಯ ಕಟ್ಟೆಯಲ್ಲಿ ಹೆಂಗಸರು ಅವಳಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದರು. "ಬಂದಿರ್ಲಿಲ್ಲ ದನಿ" ಎಂದು ಒಬ್ಬಳಿಗೆ ಹೇಳಿದಳು. "ಈಗ ಬಂದಿದೆಯಲ್ಲ" ಎಂದಳು ಅವಳು, ಕೊಡ ಎತ್ತಿಕೊಂಡು. ಆ ಬೇಸಿಗೆ ಮೂರು ಸಾವಾದವು. ಗುಡ್ಡದಾಚೆಯ ಊರಿನಿಂದ ಅಳುವವರನ್ನು ಕರೆಸಿದರು.

ದ್ರಾಕ್ಷಿ ಕುಯ್ಲು ಬಂತು. ಊರಿಗೆ ಊರೇ ತೋಟಗಳಿಗೆ ಇಳಿಯಿತು. ಕೊಯ್ದು ಬಿಟ್ಟ ಗೊಂಚಲನ್ನು ಆಯ್ದುಕೊಳ್ಳುವುದು ವಿಧವೆಯ ಹಕ್ಕು. ಅಟಾರ ಬುಟ್ಟಿ ಹಿಡಿದು ಹೆಬೆರನ ತೋಟದ ಅಂಚಿನಲ್ಲಿ ಬಳ್ಳಿ ಬಳ್ಳಿ ಹುಡುಕುತ್ತಿದ್ದಳು. ಕಲ್ಲಿನ ತೊಟ್ಟಿಯಲ್ಲಿ ಹುಡುಗರು ಹುಡುಗಿಯರು ತೊಡೆಯವರೆಗೆ ಬಟ್ಟೆ ಕಟ್ಟಿ ದ್ರಾಕ್ಷಿ ತುಳಿಯುತ್ತ, ಹೇ ಹೇ ಎಂದು ಕೂಗುತ್ತ, ಹಾಡು ಹೇಳುತ್ತಿದ್ದರು. ಅವಳು ಬಾಗಿ ಎಲೆಯೊಂದನ್ನು ಮೇಲೆತ್ತಿದಳು. ಕೆಳಗೆ ಸಣ್ಣದೊಂದು ಗೊಂಚಲಿತ್ತು, ಒಣಗಿದ್ದು. ಅಷ್ಟೇ. ಅದರಲ್ಲಿ ಏನೂ ಇರಲಿಲ್ಲ. ಅವಳೊಳಗಿನಿಂದ ದನಿ ಎದ್ದಿತು.

"ಹೋಯ್, ಕೊಳಲೂದಿ ಊರನ್ನೆಲ್ಲ ಕಳಿಸಿಕೊಟ್ಟವನೇ, ಶೋಬಾಲಾ..."

ತುಳಿಯುವವರ ಕಾಲು ನಿಂತವು. ಹಾಡು ನಿಂತಿತು. ಅಟಾರಳಿಗೆ ನಿಲ್ಲಿಸಲಾಗಲಿಲ್ಲ. ಸಾಲಿನ ಮೇಲೆ ಸಾಲು ಬಂತು, ಎಲ್ಲ ಉದ್ದದವೇ. ಅವನ ಹಣೆ, ಅವನ ಅಪ್ಪನ ಹೆಸರು, ಚೂರಿಯಿಂದ ಸೀಳಿದ ಅಂಗಿ. ನಡುವೆ ಹೊಗ್ಲಾಳ ಹೆಸರು ಬಂತು, ಹೆಸರಿಡದ ಕೂಸು ಬಂತು, ಮತ್ತೆ ಶೋಬಾಲ. ಬುಟ್ಟಿ ಉರುಳಿ ದ್ರಾಕ್ಷಿ ಮಣ್ಣಾಯಿತು. ತಾಯಂದಿರು ಮಕ್ಕಳ ಕಿವಿ ಮುಚ್ಚಿದರು.

"ಯಾರಾದ್ರೂ ಅವಳ ಬಾಯಿ ಮುಚ್ಸಿ!" ಎಂದ ಹೆಬೆರ. "ಸುಗ್ಗಿ ದಿನ ಇದು! ಅವತ್ತು ಬಾಯಿ ಬರ್ಲಿಲ್ಲ, ಇವತ್ತು ಬಂತಾ?"

ಯೆರಿಯೋತಳು ಬಂದು ಅವಳ ರಟ್ಟೆ ಹಿಡಿದಳು. ಹೊಡೆಯುವಳೇನೋ ಎಂದು ಜನ ನೋಡಿದರು. ಅವಳು ಹೊಡೆಯದೆ, ಅಟಾರಳನ್ನು ತೋಟದ ಕಲ್ಲುಗೋಡೆಯ ಆಚೆಗೆ ನಡೆಸಿಕೊಂಡು ಹೋಗಿ ಕೂರಿಸಿದಳು. ತಾನು ಕೂರಲಿಲ್ಲ. ನಾಲ್ಕು ಹೆಜ್ಜೆ ದೂರದಲ್ಲಿ, ಮುಖ ಆ ಕಡೆ ಮಾಡಿ, ಗೋಡೆಗೆ ಒರಗಿ ನಿಂತಳು. ಅಟಾರ ಹೊಗ್ಲಾಳ ಹೆಸರು ಎತ್ತಿದಾಗಲೆಲ್ಲ ಅವಳ ಬೆರಳು ಗೋಡೆಯ ಕಲ್ಲನ್ನು ಹಿಡಿಯುತ್ತಿದ್ದವು. ಬಾಯಿ ಮಾತ್ರ ತೆರೆಯಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗೆ ತೊಟ್ಟಿಯಲ್ಲಿ ಮತ್ತೆ ಕೂಗು ಶುರುವಾಯಿತು, ಮೊದಲಿಗಿಂತ ಜೋರಾಗಿ. ಬಿಸಿಲು ಇಳಿದಾಗ ಹೆಬೆರ ಕರೆದ. ಯೆರಿಯೋತಳು ತಲೆವಸ್ತ್ರದ ಸೆರಗಿನಿಂದ ಮುಖ ಒರೆಸಿಕೊಂಡು ತೋಟದೊಳಕ್ಕೆ ಹೋದಳು.

ಮಳೆ ಶುರುವಾಗುವ ಮುಂಚೆ ಅಟಾರ ಮನೆ ಬಿಟ್ಟಳು. ಹಳ್ಳದ ಈಚೆ ದಡದಲ್ಲಿ, ಶೋಬಾಲನನ್ನು ಮುಚ್ಚಿದ ಕಲ್ಲುಗಳಿಗೆ ಎದುರಾಗಿ, ಕುರುಬರು ಬಿಟ್ಟುಹೋದ ಒಂದು ಕಲ್ಲಿನ ಗುಡಿಸಿಲಿತ್ತು. ಕಂಬಳಿ, ಗಡಿಗೆ ಹೊತ್ತುಕೊಂಡು ಅಲ್ಲಿಗೆ ಹೋಗಿ ಸೇರಿಕೊಂಡಳು. ಬೇಡ ಎಂದು ಯಾರೂ ತಡೆಯಲಿಲ್ಲ. ಮೇಕೆ ಮೇಯಿಸುವವರು, ಗಾಳಿ ಕೆಳಗಿನಿಂದ ಬೀಸಿದರೆ ಅವಳ ದನಿ ಊರ ಬಾಗಿಲವರೆಗೂ ಕೇಳುತ್ತದೆ ಎನ್ನುತ್ತಿದ್ದರು. ಯೆರಿಯೋತಳು ಮಾತ್ರ, ತನಗೆ ಏನೂ ಕೇಳಿಸುವುದಿಲ್ಲ ಎನ್ನುತ್ತಿದ್ದಳು.